ಕೆಂಪುಕಲ್ಲಿಗೆ ಯಾವ ಬೂದು?

ಕುಂದಾಪುರದ ಹತ್ತಿರ, ಪಂಚಗಂಗಾವಳಿ ಇನ್ನೇನು ಸಮುದ್ರ ಸೇರಬೇಕು ಎನ್ನುವಲ್ಲಿ, ಹೊಳೆದಂಡೆ ಮೇಲೆ ಒಂದು ಹೆಂಚಿನ ಕಾರ್ಖಾನೆ ಪಾಳುಬಿದ್ದಿದೆ. ಮಾಡು ಅರ್ಧ ಕುಸಿದಿದೆ. ಚಿಮಣಿಯ ತುದಿಯಲ್ಲಿ ಅಶ್ವತ್ಥದ ಗಿಡ ಎದ್ದಿದೆ. ಮಾಲೀಕರ ಮನೆಯವರನ್ನು ಕೇಳಿ ಒಪ್ಪಿಗೆ ಪಡೆದು, ಮಳೆಗಾಲ ಮುಗಿಯುತ್ತಿದ್ದ ಹಾಗೆ ಹೋಗಲು ಶುರುಮಾಡಿದವನು ಐದು ಸಲ ಹೋದೆ. ತೆಗೆದದ್ದೆಲ್ಲ ಕಪ್ಪು-ಬಿಳುಪು, 120 ಎನ್ನುವ ಅಗಲದ ರೋಲ್ ಫಿಲ್ಮಿನಲ್ಲಿ.

ನಮ್ಮ ಕರಾವಳಿಯ ಹೆಂಚಿನ ಕಾರ್ಖಾನೆಗಳು ಹೊಳೆಗೆ ಅಂಟಿಕೊಂಡೇ ಇರುವುದಕ್ಕೆ ಕಾರಣ ಇದೆ. ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹೆಂಚು ದೋಣಿಯಲ್ಲೇ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಶುರುಮಾಡಿದ ಕಸುಬು ಇದು. ಆಮೇಲೆ ಊರಿನವರೇ ಕಲಿತು ಕರಾವಳಿಯುದ್ದಕ್ಕೂ ಚಿಮಣಿ ಎಬ್ಬಿಸಿದರು. ಮನೆಗಳಿಗೆ ಆರ್‌ಸಿಸಿ ಬಂತು, ಮಣ್ಣಿಗೂ ಸೌದೆಗೂ ತತ್ವಾರವಾಯಿತು, ಒಂದೊಂದೇ ಬಾಗಿಲು ಹಾಕಿದವು. ನಾನು ಹುಟ್ಟಿದ ಮನೆಯ ಮಾಡಿನ ಮೇಲೂ ಇಂಥದೇ ಹೆಂಚು. ಹಾಗಾಗಿ ಈ ಕಟ್ಟಡ ಬೀಳುವ ಮೊದಲು ಸರಿಯಾಗಿ ಒಂದು ಚಿತ್ರವಾದರೂ ಉಳಿಯಬೇಕು ಅನ್ನಿಸಿತ್ತು.

ಮೊದಲ ರೋಲ್ ಪೂರ್ತಿ ಸೋತಿತು. ಕಣ್ಣಿಗೆ ಅಷ್ಟು ಚೆಂದ ಕಂಡ ಗೋಡೆ ಪ್ರಿಂಟಿನಲ್ಲಿ ಗಂಜಿಯ ಹಾಗೆ ಸಪ್ಪೆ. ಕೆಂಪುಕಲ್ಲಿನ ಕೆಂಪೂ ಅದರ ಮೇಲೆ ಬೆಳೆದ ಪಾಚಿಯ ಹಸುರೂ ಕಣ್ಣಿಗೆ ಬೇರೆ ಬೇರೆ, ಫಿಲ್ಮಿಗೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಬಣ್ಣ ತೆಗೆದುಬಿಟ್ಟರೆ ಹಳೆಯ ಕಟ್ಟಡಕ್ಕೆ ತಾನಾಗಿ ಗಾಂಭೀರ್ಯ ಬರುತ್ತದೆ ಅಂದುಕೊಂಡಿದ್ದೆ. ಬರುವುದಿಲ್ಲ. ಯಾವ ಬಣ್ಣಕ್ಕೆ ಯಾವ ಬೂದು ಎಂದು ನಾವೇ ತೀರ್ಮಾನಿಸಬೇಕು.

ಎರಡನೇ ಸಲ ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದೆ, 25ನೇ ನಂಬರಿನದು. ಮೂರು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಟ್ರೈಪಾಡ್ ಇಲ್ಲದೆ ಆಗುವುದಿಲ್ಲ. ನೀಲಿ ಆಕಾಶ ಕಪ್ಪಾಯಿತು, ಗೋಡೆ ಬೆಳಗಿತು, ಪಾಚಿ ಕಲೆ ಕಲೆಯಾಗಿ ಎದ್ದಿತು. ನನಗೆ ಖುಷಿಯೋ ಖುಷಿ. ಮುಂದಿನ ಸಲ ಹೋಗುವಾಗ ಆ ಪ್ರಿಂಟನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಪಕ್ಕದ ತೋಟದ ಮನೆಯಲ್ಲಿ ಒಬ್ಬ ಅಮ್ಮ ಇದ್ದಾರೆ, ಪ್ರಾಯದಲ್ಲಿ ಅದೇ ಕಾರ್ಖಾನೆಯಲ್ಲಿ ಹೆಂಚು ಹೊತ್ತವರು. ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ ಕೇಳಿದರು, "ಮಗಾ, ಈ ಗೋಡಿಗೆ ಸುಣ್ಣ ಬಳ್ದದ್ದ್ ಯಾರ್?"

ಉತ್ತರ ಕೊಡಲಾಗಲಿಲ್ಲ. ಅವರು ಹೇಳಿದ್ದು ಸರಿ. ಕೆಂಪುಕಲ್ಲನ್ನು ಬೆಳ್ಳಗೆ ಮಾಡಿದರೆ ಅದರ ಭಾರ ಹೋಗುತ್ತದೆ, ಮಳೆನೀರು ಕುಡಿದು ನಿಂತ ಆ ತೇವ ಹೋಗುತ್ತದೆ.

ಮೂರನೇ ಸಲ ಹಸುರು ಫಿಲ್ಟರ್, 11ನೇ ನಂಬರ್. ಇದು ತಿನ್ನುವುದು ಎರಡು ಸ್ಟಾಪ್. ಈಗ ಕಲ್ಲು ಕಪ್ಪಿಗೆ ಇಳಿಯಿತು, ಪಾಚಿ ಅದರ ಮೇಲೆ ತಿಳಿಯಾಗಿ ನಿಂತಿತು. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಬೆಳಗಿನ ಹೊತ್ತಿಗೇ ಕಾದು ತೆಗೆದೆ. ಆಗ ಕಲ್ಲಿನ ಒಂದೊಂದು ತೂತಿನೊಳಗೂ ನೆರಳು ಕೂತಿರುತ್ತದೆ, ಅಂಚಿನಲ್ಲಿ ಗೆರೆಯಷ್ಟು ಬೆಳಕು. ಒಂಬತ್ತು ಗಂಟೆ ದಾಟಿದರೆ ಅದೇ ಗೋಡೆ ಬರೀ ಗೋಡೆ. ಡಿಜಿಟಲ್‌ನವರು ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲಿನಲ್ಲಿ ತೆಗೆದು, ಕಪ್ಪು-ಬಿಳುಪು ಮಾಡುವಾಗ ಕೆಂಪು-ಕಿತ್ತಳೆ ಇಳಿಸಿ ಹಸುರು ಏರಿಸಿದರೆ ಇದೇ ಫಲ ಸಿಗುತ್ತದೆ. ಅತಿ ಮಾಡಿದರೆ ಕಾಳು ಕಾಳಾಗುತ್ತದೆ, ಅಷ್ಟೇ.

ಒಳಗಿನದು ಬೇರೆಯೇ ಕಷ್ಟ. ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚು ಉಳಿದಿದೆ. ಅಲ್ಲಿಂದ ಇಳಿಯುವ ಬಿಸಿಲುಕೋಲು ಕಣ್ಣು ಕುಕ್ಕುತ್ತದೆ, ನಾಲ್ಕು ಹೆಜ್ಜೆ ಆಚೆ ಸುಡುವ ಗೂಡಿನ ಬಾಯಿ ಕಗ್ಗತ್ತಲೆ. ನೆರಳಿನ ಬೆಳಕನ್ನು ಅಳೆದೆ, ಲೆನ್ಸಿನ ಕಿಂಡಿ ಎಫ್ 16ಕ್ಕೆ ಇಟ್ಟರೆ 40 ಸೆಕೆಂಡ್ ಬಂತು. ನೆರಳು ನೆರಳಾಗಿಯೇ ಇರಬೇಕಲ್ಲ, ಅದಕ್ಕೆ ಎರಡು ಸ್ಟಾಪ್ ಇಳಿಸಿ 10 ಸೆಕೆಂಡ್ ಮಾಡಿಕೊಂಡೆ. ಆದರೆ ಹೊತ್ತು ಹೆಚ್ಚಾದಷ್ಟೂ ಫಿಲ್ಮ್ ಸೋಮಾರಿಯಾಗುತ್ತದೆ. ನಾನು ಬಳಸುವ ಇಲ್ಫೋರ್ಡ್ ಎಚ್‌ಪಿ5 ಪ್ಲಸ್‌ಗೆ ಕಂಪನಿಯವರೇ ಕೊಟ್ಟ ಲೆಕ್ಕದಲ್ಲಿ 10 ಸೆಕೆಂಡಿಗೆ ಸುಮಾರು 20 ಸೆಕೆಂಡ್ ಕೊಡಬೇಕು. ಕೊಟ್ಟೆ. ಬಿಸಿಲುಕೋಲು ಉರಿದುಹೋಗದಂತೆ ಡೆವಲಪ್ ಮಾಡುವ ಸಮಯವನ್ನು ಐದರಲ್ಲೊಂದು ಪಾಲು ಕಡಿಮೆ ಮಾಡಿದೆ. ನಮ್ಮಲ್ಲಿ ನಲ್ಲಿನೀರೇ ಬೆಚ್ಚಗಿರುತ್ತದೆ, 20 ಡಿಗ್ರಿಗೆ ಇಳಿಸಲು ಬಕೆಟ್ಟಿನಲ್ಲಿ ಐಸ್ ಹಾಕಿ ಕಾಯಬೇಕು.

ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆಯಬೇಡಿ, ಲೆನ್ಸ್ ಮಂಜುಗಟ್ಟುತ್ತದೆ. ಅರ್ಧ ಗಂಟೆ ಚೀಲದಲ್ಲೇ ಇರಲಿ. ಮನೆಗೆ ಬಂದ ಮೇಲೆ ಟ್ರೈಪಾಡಿನ ಕಾಲನ್ನು ಸಿಹಿನೀರಲ್ಲಿ ತೊಳೆಯಿರಿ, ಉಪ್ಪು ಬಿಡುವುದಿಲ್ಲ. ಒಬ್ಬರೇ ಹೋಗಬೇಡಿ. ಗಾಳಿ ಬೀಸಿದರೆ ಹೆಂಚು ಜಾರುತ್ತದೆ, ನಾನು ಹೆಲ್ಮೆಟ್ ಹಾಕಿಕೊಂಡೇ ಒಳಗೆ ಹೋದದ್ದು.

ಐದನೇ ಸಲ ಆ ಅಮ್ಮನಿಗೆ ಎರಡು ಪ್ರಿಂಟ್ ಒಯ್ದೆ. ಹೊರಗಿನ ಗೋಡೆಯ ಚಿತ್ರ ನೋಡಿ "ಹ್ಞಾ" ಅಂದರು, ಅಷ್ಟೇ. ಒಳಗಿನ ಚಿತ್ರವನ್ನು ಮಾತ್ರ ಬಾಗಿಲ ಬೆಳಕಿಗೆ ಹಿಡಿದು, ಸುಡುವ ಗೂಡಿನ ಪಕ್ಕದ ಕತ್ತಲೆಯಲ್ಲಿ ಬೆರಳಿಟ್ಟರು. ಗೋಡೆಯಲ್ಲೊಂದು ಚಿಕ್ಕ ಮಾಡ. ಅಷ್ಟು ಸಲ ಹೋದರೂ ನನಗೆ ಕಂಡಿರಲಿಲ್ಲ.

"ಅದ್ರಲ್ಲೇ ನಮ್ಮ್ ಬುತ್ತಿ ಇಡ್ತಿದ್ದದ್ದ್."

ಮನೆಗೆ ಬಂದು ಅದೇ ನೆಗೆಟಿವ್‌ನಿಂದ ಇನ್ನೊಂದು ಪ್ರಿಂಟ್ ಹಾಕಿದೆ. ಆ ಮಾಡದ ಜಾಗಕ್ಕೆ ಬೀಳುವ ಬೆಳಕಿಗೆ ನಾಲ್ಕು ಸೆಕೆಂಡ್ ಕೈ ಅಡ್ಡ ಹಿಡಿದು, ಸ್ವಲ್ಪ ತಿಳಿ ಮಾಡಿದೆ.