ಆಪ್ತಸಲಹೆಗಾರರ ತಯಾರಿ: ಸಭೆಯೊಳಗಿನ ಮೇಲ್ವಿಚಾರಣೆ ನಾನು ಮಾಡುವ ರೀತಿ

ಸತ್ಯವೇದದ (ಬೈಬಲ್‌ನ) ಆಧಾರದ ಮೇಲೆ ಆಪ್ತಸಲಹೆ ಕೊಡುವವರನ್ನು ಕ್ರೈಸ್ತ ಸಭೆಯಲ್ಲೇ ತಯಾರು ಮಾಡುವಾಗ ತರಗತಿ ನಡೆಸುವುದು ಸುಲಭದ ಭಾಗ. ಅಮೆರಿಕದಲ್ಲಿ 1976ರಲ್ಲಿ ಆರಂಭವಾಗಿ ಈಗ ಎಸಿಬಿಸಿ (ಅಸೋಸಿಯೇಷನ್ ಆಫ್ ಸರ್ಟಿಫೈಡ್ ಬಿಬ್ಲಿಕಲ್ ಕೌನ್ಸೆಲರ್ಸ್) ಎಂಬ ಹೆಸರಿನಲ್ಲಿರುವ ಸಂಸ್ಥೆ ಸಲಹೆಗಾರರ ಪ್ರಮಾಣಪತ್ರಕ್ಕೆ 30 ಗಂಟೆ ತರಬೇತಿ, ಬೇರೆಯವರು ಸಲಹೆ ಕೊಡುವುದರ 10 ಗಂಟೆ ವೀಕ್ಷಣೆ, 1000 ಪುಟಗಳ ಓದು, ಲಿಖಿತ ಪರೀಕ್ಷೆ, ಮೇಲ್ವಿಚಾರಣೆಯಲ್ಲಿ 50 ಅವಧಿಗಳ (ಭೇಟಿಗಳ) ಸಲಹೆ ಎಂದು ಇಟ್ಟಿದೆ. ನಾನೂ ಹೆಚ್ಚುಕಡಿಮೆ ಇದೇ ಅಳತೆ ಹಿಡಿದಿದ್ದೇನೆ. ಸಲಹೆಗಾರರು ರೂಪುಗೊಳ್ಳುವುದು ಆ ಕೊನೆಯ 50 ಅವಧಿಗಳಲ್ಲಿ.

ಮೇಲ್ವಿಚಾರಣೆಯ ಜೀವ ಇರುವುದು ವರದಿಯಲ್ಲಿ. ಪ್ರತಿ ಭೇಟಿಯಾದ 24 ಗಂಟೆಯೊಳಗೆ ಎರಡು ಪುಟ ಬರೆಯಬೇಕು. ಹೆಸರು ಬೇಡ, ಸಂಖ್ಯೆ ಸಾಕು. ಬಂದವರು ಹೇಳಿದ ಮುಖ್ಯ ಮಾತು ಅವರ ಬಾಯಿಂದ ಬಂದ ಹಾಗೆಯೇ ಇರಬೇಕು. ಸಲಹೆಗಾರ ಕೇಳಿದ ಪ್ರಶ್ನೆಗಳು, ತೆರೆದ ವಾಕ್ಯಭಾಗ, ಅದನ್ನೇ ಆರಿಸಿದ ಕಾರಣ, ಮನೆಗೆ ಕೊಟ್ಟ ಅಭ್ಯಾಸ, ಮುಂದಿನ ಯೋಜನೆ ಇರಬೇಕು. "ಚೆನ್ನಾಗಿ ಮಾತಾಡಿದೆವು, ಪ್ರಾರ್ಥಿಸಿದೆವು" ಎಂಬ ವರದಿಯನ್ನು ವಾಪಸು ಕಳಿಸುತ್ತೇನೆ. ಅದರಿಂದ ಏನನ್ನೂ ತಿದ್ದಲಾಗದು.

ನಾನು ಮೊದಲು ನೋಡುವುದು ಪ್ರಶ್ನೆಗಳನ್ನು. ಮೊದಲ ಭೇಟಿಯಲ್ಲೇ ಪರಿಹಾರ ಬಂದಿದ್ದರೆ ಪೂರ್ತಿ ಕೇಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ ಎನ್ನುವ ಜ್ಞಾನೋಕ್ತಿ 18:13 ಮರೆತುಹೋಗಿದೆ ಎಂದರ್ಥ. ಗಂಡನ ಮಾತು ಮಾತ್ರ ಕೇಳಿ ಹೆಂಡತಿಯ ಬಗ್ಗೆ ತೀರ್ಮಾನ ಬರೆದಿದ್ದರೆ ಅದೇ ಅಧ್ಯಾಯದ 17ನೆಯ ವಚನಕ್ಕೆ ಕಳಿಸುತ್ತೇನೆ: ಮೊದಲು ವಾದಿಸಿದವನೇ ಸರಿ ಎಂದು ಕಾಣುತ್ತದೆ, ಇನ್ನೊಬ್ಬರು ಬಂದು ಪ್ರಶ್ನಿಸುವ ತನಕ. ಆಮೇಲೆ 1 ಥೆಸಲೋನಿಕ 5:14ರ ಪರೀಕ್ಷೆ: ಎದುರಿಗಿದ್ದವರು ಎಚ್ಚರಿಸಬೇಕಾದ ಕ್ರಮ ತಪ್ಪಿದವರೋ, ಧೈರ್ಯ ಹೇಳಬೇಕಾದ ಮನಗುಂದಿದವರೋ, ಆಸರೆ ಕೊಡಬೇಕಾದ ಬಲಹೀನರೋ? ಮನಗುಂದಿದವರನ್ನು ಗದರಿಸುವುದೇ ಹೊಸಬರಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು, ಗಾಯ ಮಾಡುವ ತಪ್ಪೂ ಅದೇ. ವಾಕ್ಯ ಸರಿಯಿರುತ್ತದೆ, ಆದರೆ ಅದು ಆ ವ್ಯಕ್ತಿಗೆ ಆ ಹೊತ್ತಿಗೆ ಬೇಕಾದದ್ದಲ್ಲ.

ಮನೆ ಅಭ್ಯಾಸ ನಿರ್ದಿಷ್ಟವಾಗಿರಬೇಕು. "ಕೀರ್ತನೆಗಳನ್ನು ಓದಿ" ಎಂದರೆ ಯಾರೂ ಓದುವುದಿಲ್ಲ. ಕೋಪದ ಸಮಸ್ಯೆಯಾದರೆ ಒಂದು ವಾರ ಪ್ರತಿ ಸಲವೂ ಏನು ನಡೆಯಿತು, ಆಗ ನನಗೆ ಬೇಕಾಗಿದ್ದದ್ದೇನು, ಏನು ಮಾಡಿದೆ ಎಂದು ಬರೆದಿಡುವುದು. ಹಳೆಯ ಸ್ವಭಾವವನ್ನು ತೆಗೆದುಹಾಕಿ ಹೊಸದನ್ನು ಧರಿಸಿಕೊಳ್ಳಿ ಎನ್ನುವ ಎಫೆಸ 4:22-24 ಓದಿ, ಬಿಡಬೇಕಾದದ್ದು ಒಂದು, ಧರಿಸಬೇಕಾದದ್ದು ಒಂದು ಗುರುತಿಸುವುದು. ಮುಂದಿನ ಭೇಟಿ ಆ ಹಾಳೆಯಿಂದಲೇ ಶುರುವಾಗಬೇಕು.

ಕೆಲವು ಗೆರೆಗಳಲ್ಲಿ ರಿಯಾಯಿತಿ ಇಲ್ಲ. ಔಷಧಿ ನಿಲ್ಲಿಸಿ ಎಂದು ಯಾರೂ ಹೇಳಕೂಡದು. ಅದು ವೈದ್ಯರ ನಿರ್ಧಾರ. ದೀರ್ಘ ಬಳಲಿಕೆ, ನಿದ್ರೆ ಬಾರದಿರುವುದು, ಹೆರಿಗೆಯ ನಂತರದ ಖಿನ್ನತೆ ಕಂಡರೆ ತಪಾಸಣೆಗೆ ಕಳಿಸಬೇಕು, ಏಕೆಂದರೆ ಥೈರಾಯ್ಡ್ ತೊಂದರೆಯೂ ರಕ್ತಹೀನತೆಯೂ ಖಿನ್ನತೆಯ ಹಾಗೆಯೇ ಕಾಣಬಹುದು. ಸಾಯುವ ಯೋಚನೆಯ ಸುಳಿವಿದ್ದರೆ ನೇರವಾಗಿ ಕೇಳಬೇಕು, ಒಬ್ಬರನ್ನೇ ಬಿಡಬಾರದು, ಅದೇ ದಿನ ನನಗೆ ತಿಳಿಸಬೇಕು. ಹೊಡೆತ ಬಡಿತವಿರುವ ಮನೆಯ ಗಂಡಹೆಂಡಿರನ್ನು ಒಟ್ಟಿಗೆ ಕೂರಿಸಬಾರದು. ಹೆಂಡತಿ ಅಲ್ಲಿ ಆಡಿದ ಸತ್ಯಕ್ಕೆ ಮನೆಯಲ್ಲಿ ಬೆಲೆ ತೆರುತ್ತಾಳೆ. ಮಗುವಿನ ಮೇಲಿನ ದೌರ್ಜನ್ಯವನ್ನು ಪೊಲೀಸರಿಗೆ ತಿಳಿಸಲೇಬೇಕು; ಲೈಂಗಿಕ ದೌರ್ಜನ್ಯವಾದರೆ ಅದು ಕಾನೂನಿನ ಪ್ರಕಾರವೇ ಕಡ್ಡಾಯ. ಸಭೆಯ ಶಿಸ್ತುಕ್ರಮ ಅದರ ಬದಲಿಗೆ ಬರುವುದಿಲ್ಲ. ಗೌಪ್ಯತೆಗೆ ಇಂಥ ಮಿತಿಗಳಿವೆ ಎಂಬುದನ್ನು ಮೊದಲ ಭೇಟಿಯಲ್ಲೇ ಬರಹದಲ್ಲಿ ಕೊಟ್ಟು ಸಹಿ ಪಡೆಯುತ್ತೇವೆ. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು.

ಕಲಿಯುವವರಿಗೆ ಒಂದೇ ಸಮಯಕ್ಕೆ ಎರಡು ಪ್ರಕರಣ ಸಾಕು. ಮೂರನೆಯದು ಬಂದಾಗ ವರದಿ ತೆಳುವಾಗುತ್ತದೆ.

50 ಅವಧಿ ಮುಗಿದರೂ ನಮ್ಮ ಸಭೆಯ ಪ್ರಮಾಣಪತ್ರ ತಾನಾಗಿ ಸಿಗುವುದಿಲ್ಲ. ನಾನು ಶಿಫಾರಸು ಬರೆಯುತ್ತೇನೆ, ಸಭಾಹಿರಿಯರು ಸಂದರ್ಶಿಸುತ್ತಾರೆ, ಮನೆಯವರನ್ನೂ ವಿಚಾರಿಸುತ್ತಾರೆ. ತಿದ್ದಿದರೆ ತಿದ್ದಿಕೊಳ್ಳುತ್ತಾರೆಯೇ ಎಂಬುದು ನನ್ನ ಮುಖ್ಯ ಮಾನದಂಡ: ಮೊದಲ ಹತ್ತು ವರದಿಗಳನ್ನೂ ಕೊನೆಯ ಹತ್ತನ್ನೂ ಪಕ್ಕಪಕ್ಕ ಇಟ್ಟರೆ ಅದು ಗೊತ್ತಾಗುತ್ತದೆ. ಸಾಲದಿದ್ದರೆ ಇನ್ನೂ 10 ಅವಧಿ, ಯಾವ ವಿಷಯದಲ್ಲಿ ಎಂದು ಬರೆದುಕೊಟ್ಟು. ಪ್ರಮಾಣಪತ್ರ ಒಂದು ವರ್ಷಕ್ಕೆ ಮಾತ್ರ. ನವೀಕರಣಕ್ಕೆ ಹೊಸದಾಗಿ ಎರಡು ವರದಿಗಳನ್ನು ತಂದು ನನ್ನ ಮುಂದೆ ಕೂರಬೇಕು.