ಮೇಲ್ಮಹಡಿಯ ನಾಲ್ಕು ಖೋಲಿ, ಎಂಟು ಹುಡುಗರು

ಧಾರವಾಡದ ಸಪ್ತಾಪುರ, ಕಲ್ಯಾಣನಗರದ ಕಡೆ ಮಹಡಿ ಮನೆ ಇದ್ದವರಿಗೆ ಬಾಡಿಗೆಗೆ ಹುಡುಗರು ಸಿಗುವುದು ಕಷ್ಟವಲ್ಲ. ಪಿಯು, ಡಿಗ್ರಿಯವರು ಬರುತ್ತಾರೆ, ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವವರೂ ಬರುತ್ತಾರೆ. ಅವರನ್ನು ತಕರಾರಿಲ್ಲದೆ ಇಟ್ಟುಕೊಳ್ಳುವುದೇ ಕಷ್ಟ. ನಾಲ್ಕು ಖೋಲಿಗಳಲ್ಲಿ ತಲಾ ಇಬ್ಬರಂತೆ ಎಂಟು ಹುಡುಗರಿಗೆ ಕೊಟ್ಟು ನಾನು ಕಂಡಂತೆ ಜಗಳಗಳಲ್ಲಿ ಹೆಚ್ಚಿನವು ಕರೆಂಟು, ನೀರು, ಡಿಪಾಜಿಟ್ ಈ ಮೂರರದ್ದೇ. ಈ ಮೂರನ್ನೂ ಅವರು ಹಾಸಿಗೆ ಹೊತ್ತು ಮೆಟ್ಟಿಲೇರುವ ಮೊದಲೇ ಲೆಕ್ಕಕ್ಕೆ ತಂದಿಡಬೇಕು.

ಮೊದಲು ಕರೆಂಟು. ಮಹಡಿಗೆ ಬೇರೆ ಮೀಟರ್, ಅದರ ಕೆಳಗೆ ಖೋಲಿಗೊಂದು ಸಬ್‌ಮೀಟರ್. ದೀಪ, ಫ್ಯಾನಿಗೆ 1.5 ಚದರ ಮಿ.ಮೀ. ವೈರು, 16 ಆಂಪಿಯರ್ ಸಾಕೆಟ್ಟಿಗೆ 2.5, ಗೀಸರಿಗೆ 4. ಇಡೀ ಮಹಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ಚು, ಇರಲೇಬೇಕು. ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು, ನೀರು ಕಾದಿದೆಯೇ ಎಂದು ಬೆರಳಿಟ್ಟು ನೋಡುವ ಹುಡುಗರು ಇದ್ದೇ ಇರುತ್ತಾರೆ. ಅಲ್ಲಿ ಜೀವ ಉಳಿಸುವುದು ಅದೊಂದೇ. ಲೋಡು ಹೆಚ್ಚಾದರೆ ಬೀಳುವ ಎಂಸಿಬಿ ಇದೆಯಲ್ಲ ಎಂದು ಸುಮ್ಮನಿರಬಾರದು. 1,500 ವಾಟಿನ ಕಾಯಿಲ್ ಎಳೆಯುವುದು ಸುಮಾರು ಆರೂವರೆ ಆಂಪಿಯರ್, ಅಷ್ಟಕ್ಕೆ 6 ಆಂಪಿಯರ್ ಎಂಸಿಬಿ ಬೀಳುವುದಿಲ್ಲ. ಆದರೆ ಸಾಕೆಟ್ಟಿನೊಳಗಿನ ಹಿತ್ತಾಳೆ ತುಣುಕು ದಿನಾ ಕಾದು ಕಾದು ಸಡಿಲಾಗುತ್ತದೆ, ಪ್ಲಗ್ಗಿನ ಸುತ್ತ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗುತ್ತದೆ. ಆ ಕಂದು ಉಂಗುರ ಕಂಡ ದಿನವೇ ಸಾಕೆಟ್ ಬದಲಿಸಿ. 2,000 ವಾಟಿನ ಇಂಡಕ್ಷನ್ ಒಲೆಗಂತೂ ಖೋಲಿಯೊಳಗೆ ಜಾಗವಿಲ್ಲ. ವರಾಂಡದ ಮೂಲೆಯಲ್ಲಿ ಕಡಪಾ ಕಲ್ಲಿನ ಕಟ್ಟೆ, ಅದರ ಮೇಲೆ ಎರಡು 16 ಆಂಪಿಯರ್ ಸಾಕೆಟ್ ಕೊಟ್ಟರೆ ಚಹಾ, ಮ್ಯಾಗಿ ಅಲ್ಲೇ ಆಗುತ್ತವೆ.

ಕಾಯಿಲ್ ಬೇಡ ಎನ್ನಲು ಇನ್ನೊಂದು ಕಾರಣ ಸರ್ಕಾರದ ಉಚಿತ ಕರೆಂಟು ಯೋಜನೆ ಗೃಹಜ್ಯೋತಿ. ಎಂಟು ಜನ ದಿನಕ್ಕೆ ಇಪ್ಪತ್ತು ನಿಮಿಷ ಕಾಯಿಲ್ ಹಚ್ಚಿದರೆ ದಿನಕ್ಕೆ 4 ಯೂನಿಟ್, ತಿಂಗಳಿಗೆ 120. ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ ಕಟ್ಟಬೇಕು. ಅದಕ್ಕೇ 200 ಲೀಟರಿನ ಸೋಲಾರ್ ಕೂರಿಸಿದ್ದು. ಮಳೆಗಾಲದಲ್ಲಿ ಅದು ಕೆಲಸಕ್ಕೆ ಬಾರದು, ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ. ಅದಕ್ಕೊಂದು 15 ಲೀಟರಿನ ಗೀಸರ್ ಬೇಕು, ಒಂದು ಸಲ ಕಾಯಲು ಸುಮಾರು ಇಪ್ಪತ್ತು ನಿಮಿಷ. ಆ ತಿಂಗಳುಗಳಲ್ಲಿ ಬಿಲ್ ಏರುತ್ತದೆ ಎಂದು ಜೂನ್‌ನಲ್ಲೇ ಹೇಳಿಡುತ್ತೇನೆ. ಬಂದ ಬಿಲ್ಲನ್ನು ಸಬ್‌ಮೀಟರ್ ಯೂನಿಟ್ಟಿನ ಪ್ರಕಾರ ಹಂಚಿ, ಬಿಲ್ಲಿನ ಫೋಟೊ ಎಲ್ಲರಿಗೂ ಕಳಿಸುತ್ತೇನೆ. ಬಿಲ್ ಸೊನ್ನೆ ಬಂದ ತಿಂಗಳು ಹುಡುಗರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬಾರದು. ಸರ್ಕಾರ ಬಿಟ್ಟ ಹಣವನ್ನು ಮಾಲಕ ವಸೂಲಿ ಮಾಡುವುದು ತಪ್ಪು. ಗೃಹಜ್ಯೋತಿಗಾಗಿ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರಿಗೆ ಹುಡುಗನೊಬ್ಬನ ಆಧಾರ್ ಜೋಡಿಸಿದ್ದರೆ ಅವನು ಖೋಲಿ ಬಿಡುವಾಗ ಮರೆಯದೆ ಡಿ-ಲಿಂಕ್ ಮಾಡಿಸಿ.

ನೀರಿನ ಲೆಕ್ಕ ಇನ್ನೂ ಸರಳ. ಊರಿನ ಕೆಲವು ವಾರ್ಡುಗಳಿಗೆ ದಿನವಿಡೀ ನಳ ಬರುತ್ತದೆ, ಉಳಿದ ಕಡೆ ಹಲವು ದಿನಕ್ಕೊಮ್ಮೆ. ಒಬ್ಬನಿಗೆ 120 ಲೀಟರ್ ಹಿಡಿದರೆ ಎಂಟು ಜನಕ್ಕೆ ದಿನಕ್ಕೆ ಸುಮಾರು ಸಾವಿರ. ನಳ ಐದು ದಿನಕ್ಕೊಮ್ಮೆ ಬರುವಲ್ಲಿ ಏಳು ದಿನದ ನೀರು, ಅಂದರೆ 7,000 ಲೀಟರಿನ ಸಂಪು ಇರಲಿ. ಮೇಲಿನ ಟಾಕಿ ಮಾತ್ರ ಸಾವಿರ ಲೀಟರಿನದೇ ಇರಲಿ, ದೊಡ್ಡದು ಬೇಡ. ದಿನಕ್ಕೊಂದು ಟಾಕಿ ಎಂಬ ಅಳತೆ ಆಗ ತಾನಾಗಿ ಸಿಗುತ್ತದೆ. ಬೆಳಿಗ್ಗೆ ತುಂಬಿಸಿದ ಟಾಕಿ ಮಧ್ಯಾಹ್ನ ನಾಲ್ಕಕ್ಕೇ ಬರಿದಾದರೆ ಹುಡುಗರ ಮೇಲೆ ರೇಗುವ ಮೊದಲು ಫ್ಲಶ್ ಟ್ಯಾಂಕ್ ನೋಡಿ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಅದರೊಳಗೆ ಬಿಟ್ಟು ಅರ್ಧ ಗಂಟೆ ಯಾರೂ ಬಳಸದಂತೆ ನೋಡಿಕೊಳ್ಳಿ. ಫ್ಲಶ್ ಮಾಡದೆಯೇ ಕೆಳಗೆ ನೀಲಿ ಎಳೆ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ ಎಂದರ್ಥ. ಸದ್ದಿಲ್ಲದೆ ಸೋರುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ.

ಕರಾರು ಪತ್ರ 11 ತಿಂಗಳದ್ದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬರೆದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ. ನಾನು ಜೂನ್ 1ರಿಂದ ಏಪ್ರಿಲ್ 30ಕ್ಕೆ ಬರೆಯುತ್ತೇನೆ. ಮೇ ತಿಂಗಳು ರಿಪೇರಿಗೆ ಸಿಗುತ್ತದೆ, ಮಳೆಗೆ ಮುಂಚೆ ಬಣ್ಣವೂ ಒಣಗುತ್ತದೆ. ಪಿಯು ಹುಡುಗರಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ, ಅವರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅಂಥಲ್ಲಿ ತಂದೆಯ ಅಥವಾ ಪೋಷಕರ ಹೆಸರಿಗೇ ಪತ್ರ ಮಾಡಿಸಿ, ಹುಡುಗ ವಾಸಿಸುವವನು ಎಂದು ಒಳಗೆ ಬರೆಯಿಸಿ. ಬಾಡಿಗೆ ಖೋಲಿಗಲ್ಲ, ತಲೆಗೆ ಇಷ್ಟು ಎಂದು ಹಾಕಿ. ಖೋಲಿಗೆ ಹಾಕಿದರೆ ಒಬ್ಬ ನಡುವೆ ಬಿಟ್ಟುಹೋದಾಗ ಇನ್ನೊಬ್ಬನ ಮೇಲೆ ಇಡೀ ಭಾರ ಬೀಳುತ್ತದೆ, ಎರಡು ತಿಂಗಳಲ್ಲಿ ಅವನೂ ಹೊರಡುತ್ತಾನೆ. ಖಾಲಿ ಹಾಸಿಗೆಯ ನಷ್ಟ ಮಾಲಕನೇ ಹೊರುವುದು ನ್ಯಾಯ. ಎಲ್ಲರ ಗುರುತಿನ ಚೀಟಿ ನಕಲು, ಫೋಟೊ, ಊರಿನ ವಿಳಾಸ ಪೊಲೀಸ್ ಠಾಣೆಗೆ ಕೊಟ್ಟಿಡಿ.

ಊಟದ ಗೊಡವೆಗೆ ನಾನು ಹೋಗಿಲ್ಲ. ಊಟ ಸೇರಿಸಿದರೆ ಅದು ಪಿಜಿ ಆಗುತ್ತದೆ, ಟ್ರೇಡ್ ಲೈಸೆನ್ಸ್, ಆಹಾರ ನೋಂದಣಿ ಎಲ್ಲವೂ ಬೆನ್ನಿಗೆ ಬೀಳುತ್ತವೆ. ಧಾರವಾಡದಲ್ಲಿ ರೊಟ್ಟಿ ಖಾನಾವಳಿಗಳಿಗೆ ಬರವೇ?

ಡಿಪಾಜಿಟ್ ಎರಡು ತಿಂಗಳ ಬಾಡಿಗೆಯಷ್ಟು, ಅದಕ್ಕಿಂತ ಹೆಚ್ಚು ಬೇಡ. ಹೊಲ ನಂಬಿದ ತಂದೆ ಎಲ್ಲಿಂದ ತಂದಾನು? ಬಂದ ದಿನವೇ ಹುಡುಗನ ಎದುರಿಗೆ ಗೋಡೆ, ಫ್ಯಾನು, ನಳ, ಮಂಚ ಎಲ್ಲದರ ವಿಡಿಯೊ ಮಾಡಿ ಅವನ ಮೊಬೈಲಿಗೂ ಕಳಿಸಿ. ಸಾಮಾನಿನ ಪಟ್ಟಿಯಲ್ಲಿ ಪ್ರತಿಯೊಂದರ ಎದುರು ಮುರಿದರೆ ಎಷ್ಟು ಎಂದು ಅಂದೇ ಬರೆದಿರಲಿ. ಬಣ್ಣದ ಖರ್ಚನ್ನು ನಾನು ಕಡಿಯುವುದಿಲ್ಲ. ಮಂಚದ ತಲೆಯ ಕಡೆ ಗೋಡೆಗೆ ಒರಗಿ ಓದಿ ಓದಿ, ಕೊಬ್ಬರಿ ಎಣ್ಣೆಯ ಕಲೆ ತಲೆಯಳತೆಗೆ ಗುಂಡಾಗಿ ಮೂಡುತ್ತದೆ. ಓದಲು ಬಂದ ಹುಡುಗ ಒರಗದೆ ಇರುತ್ತಾನೆಯೇ? ನಾಲ್ಕು ಅಡಿ ಎತ್ತರದವರೆಗೆ ಡಿಸ್ಟೆಂಪರ್ ಬಿಟ್ಟು ಎನಾಮಲ್ ಹೊಡೆಸಿ, ಕಲೆ ಸಾಬೂನು ನೀರಿಗೆ ಹೋಗುತ್ತದೆ. ಬಿಡುವ ದಿನ ಸಬ್‌ಮೀಟರ್ ನೋಡಿ, ಬಾಕಿ ಕಳೆದು, ಉಳಿದದ್ದನ್ನು ಅವನು ಮೆಟ್ಟಿಲಿಳಿಯುವ ಮೊದಲೇ ಫೋನ್‌ಪೇ ಮಾಡಿ.

ಮೇ ತಿಂಗಳ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯುವುದು ತಿಗಣೆ. ಕಟ್ಟಿಗೆ ಮಂಚ ಬೇಡವೇ ಬೇಡ. ನಟ್ಟು ಬೋಲ್ಟಿನ ಕಬ್ಬಿಣದ ಮಂಚವೂ ಬೇಡ, ಆ ಸಂದುಗಳೇ ಅವುಗಳ ಮನೆ. ಪೂರ್ತಿ ವೆಲ್ಡ್ ಮಾಡಿದ ಮಂಚ ಮಾಡಿಸಿ, ಪೈಪಿನ ತೆರೆದ ಬಾಯಿಗಳನ್ನೂ ವೆಲ್ಡಿಂಗ್‌ನವರಿಂದಲೇ ಮುಚ್ಚಿಸಿ. ಖೋಲಿ ಖಾಲಿಯಾದ ಕೂಡಲೇ ಮಂಚದ ಮೂಲೆಗಳಿಗೆ ಕುದಿಯುವ ನೀರು ಸುರಿಯಿರಿ. ಗಾದಿಯ ಹೊಲಿಗೆ ಅಂಚನ್ನು ಟಾರ್ಚ್ ಹಿಡಿದು ನೋಡಿ. ಪೆನ್ನಿನ ಶಾಯಿ ಚುಕ್ಕೆಯಂಥ ಕಪ್ಪು ಕಲೆ ಸಾಲಾಗಿ ಕಂಡರೆ ಅದು ತಿಗಣೆಯ ಹಿಕ್ಕೆ. ಬಿಸಿಲಿಗೆ ಹಾಕಿದರೆ ಮೇಲಿನವು ಸಾಯುತ್ತವೆ, ಹತ್ತಿಯೊಳಗೆ ಹೊಕ್ಕವು ಉಳಿಯುತ್ತವೆ. ಅಂಥ ಗಾದಿಯನ್ನು ಮುಂದಿನ ಹುಡುಗನಿಗೆ ಕೊಡದೆ ಸುಟ್ಟುಬಿಡಿ. ಸ್ವಿಚ್‌ಬೋರ್ಡಿನ ಹಿಂದೆಯೂ ನೋಡಿ, ಮೇನ್ ಆಫ್ ಮಾಡಿಯೇ ಬಿಚ್ಚಿ.