ಸಿಎನ್‌ಸಿ ಆಪರೇಟರ್ ತರಬೇತಿ: ಮೊದಲು ಅಳತೆ, ಆಮೇಲೆ ಮಶೀನು

ಬೆಳಗಾವಿಯ ಕಾರ್ಖಾನೆಗಳಿರುವ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಒಂದು ಸುತ್ತು ಹಾಕಿದರೆ ‘ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ’ ಎಂಬ ಬೋರ್ಡು ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಸಿಎನ್‌ಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕಡಿಯುವ ಮಶೀನು. ಖಾನಾಪುರ, ಬೈಲಹೊಂಗಲ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಹತ್ತನೇತ್ತೆ ಮುಗಿಸಿ, ಇಲ್ಲವೇ ಅರ್ಧಕ್ಕೆ ಬಿಟ್ಟು ಕೂತ ಹುಡುಗರೂ ಕಡಿಮೆಯಿಲ್ಲ. ಫೌಂಡ್ರಿಯ ದೂಳು, ಶಾಖ ಸಾಕಾಗಿ ನಲವತ್ತರ ಹೊತ್ತಿಗೆ ಬೇರೆ ಕೆಲಸ ಕಲಿಯಬೇಕು ಅನ್ನುವವರೂ ಇದ್ದಾರೆ. ಇವರೆಲ್ಲರನ್ನೂ ಸೇರಿಸಿಕೊಂಡು ಬೆಳಗಾವಿಯಲ್ಲಿ ನಾವು ನಡೆಸುವ ಹನ್ನೆರಡು ವಾರದ ಸಂಜೆ ತರಗತಿಯ ಕ್ರಮ ಇದು. ಜಮಖಂಡಿಯಲ್ಲೋ ವಿಜಯಪುರದಲ್ಲೋ ಇಂಥದ್ದನ್ನು ಶುರು ಮಾಡಬೇಕೆನ್ನುವವರಿಗೆ ಉಪಯೋಗಕ್ಕೆ ಬಂದೀತು.

ಮಶೀನು ಓಡಿಸುವ ಸೈಕಲ್ ಸ್ಟಾರ್ಟ್ ಬಟನ್ ಒತ್ತುವುದನ್ನು ಯಾರಿಗಾದರೂ ಒಂದು ವಾರದಲ್ಲಿ ಕಲಿಸಬಹುದು. ಅಷ್ಟೇ ಕಲಿತವನು ಜಾಬ್ (ಕಡಿಯಬೇಕಾದ ಬಿಡಿಭಾಗ) ಹಾಕಿ ತೆಗೆಯುವ ಕೆಲಸದಲ್ಲೇ ಉಳಿಯುತ್ತಾನೆ, ಪಗಾರವೂ ಅಲ್ಲೇ ನಿಲ್ಲುತ್ತದೆ. ಜಾಬ್ ಅಳೆದು, ಎಷ್ಟು ಹೆಚ್ಚು ಬಂದಿದೆ ಎಷ್ಟು ಕಮ್ಮಿ ಬಂದಿದೆ ಎಂದು ತಿಳಿದು, ತಾನೇ ಆಫ್‌ಸೆಟ್ (ಟೂಲಿನ ಜಾಗ ತಿದ್ದುವ ಅಂಕಿ) ಕೊಡಬಲ್ಲವನಿಗೆ ಮಾತ್ರ ಶಾಪಿನಲ್ಲಿ ಆಪರೇಟರ್ ಅನ್ನುತ್ತಾರೆ. ಸಂದರ್ಶನವೂ ಹೆಚ್ಚಾಗಿ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಸೂಪರ್‌ವೈಸರ್ ಒಂದು ಶಾಫ್ಟು ಕೈಗೆ ಕೊಟ್ಟು, “ಮೈಕ್ರೋಮೀಟರ್ ಹಿಡಿಯಾಕ ಬರ್ತೈತೇನು? ಇದನ್ನ ಅಳದ ಹೇಳು” ಅನ್ನುತ್ತಾನೆ. ಆದ್ದರಿಂದ ನಮ್ಮಲ್ಲಿ ಮೊದಲ ನಾಲ್ಕು ವಾರ ಯಾರೂ ಮಶೀನು ಮುಟ್ಟುವುದಿಲ್ಲ. ಹುಡುಗರಿಗೆ ಇದು ಬೇಸರ ತರಿಸುತ್ತದೆ, ಇರಲಿ.

ತಂಡಕ್ಕೆ 16 ಜನ. ಇಬ್ಬರಿಗೊಂದು ವರ್ನಿಯರ್ (ಜಾರುವ ಅಳತೆಪಟ್ಟಿ), ನಾಲ್ವರಿಗೊಂದು 0–25 ಮಿ.ಮೀ. ಮೈಕ್ರೋಮೀಟರ್, ಎಲ್ಲರಿಗೂ ಸೇರಿ ಒಂದು 25–50ರದು, ರಂಧ್ರದ ಒಳವ್ಯಾಸ ಅಳೆಯಲು ಒಂದು ಬೋರ್ ಡಯಲ್ ಗೇಜ್, ಸಪಾಟಾದ ಆಧಾರಕ್ಕೆ ಸಣ್ಣದೊಂದು ಸರ್ಫೇಸ್ ಪ್ಲೇಟ್. ಡಿಜಿಟಲ್ ವರ್ನಿಯರನ್ನು ಕೊನೆಯ ವಾರದವರೆಗೆ ಕಪಾಟಿನಲ್ಲಿಡಿ. ಅಂಕಿ ತಾನೇ ತೋರಿಸುವ ಸಾಧನ ಮೊದಲು ಸಿಕ್ಕರೆ ಗೆರೆ ಎಣಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಅಳೆಯಲು ಬೇಕಾದ ಜಾಬುಗಳಿಗೆ ದುಡ್ಡು ಸುರಿಯಬೇಡಿ. ಪರಿಚಯದ ಶಾಪಿನಿಂದ ರಿಜೆಕ್ಟ್ ಆದ ಶಾಫ್ಟು, ಬುಶ್, ಫ್ಲ್ಯಾಂಜುಗಳನ್ನು ಒಂದು ಚೀಲ ತನ್ನಿ. ಯಾಕೆ ರಿಜೆಕ್ಟ್ ಆಯಿತೆಂಬ ಚೀಟಿ ಪ್ರತಿಯೊಂದಕ್ಕೂ ಇರಲಿ, ಆದರೆ ಅದು ಕಲಿಸುವವರ ಹತ್ತಿರ ಇರಲಿ.

ಮೊದಲು ಅಡ್ಡ ಬರುವುದು ದಶಾಂಶ. 0.12 ದೊಡ್ಡದೋ 0.2 ದೊಡ್ಡದೋ ಎಂದು ಕೇಳಿ ನೋಡಿ, ಹನ್ನೆರಡು ಎರಡಕ್ಕಿಂತ ದೊಡ್ಡದಲ್ಲವೇ ಎಂದು 0.12 ಅನ್ನುವವರು ಪ್ರತಿ ತಂಡದಲ್ಲೂ ಸಿಗುತ್ತಾರೆ. ರೂಪಾಯಿ–ಪೈಸೆ ಲೆಕ್ಕದಲ್ಲಿ ಹೇಳಿದರೆ ದೊಡ್ಡವರಿಗೆ ತಟ್ಟನೆ ಹೊಳೆಯುತ್ತದೆ. ಈಗಿನ ಹುಡುಗರು ಪೈಸೆಯನ್ನೇ ಕಂಡಿಲ್ಲ. ಅವರಿಗೆ ಕೆಲಸಕ್ಕೆ ಬರುವ ಉಪಾಯ ಬೇರೆ: ಯಾವ ಅಳತೆಯನ್ನು ಬರೆದರೂ ಮೂರು ಸ್ಥಾನ ತುಂಬಿಸಿಯೇ ಬರೆಯಬೇಕು. 0.200, 0.120 ಎಂದು ಒಂದರ ಕೆಳಗೆ ಒಂದು ಬರೆದರೆ ಗೊಂದಲ ತಾನಾಗಿ ಕಡಿಮೆಯಾಗುತ್ತದೆ. ಜೊತೆಗೆ ಮೈನಸ್ ಸಂಖ್ಯೆಗಳ ಕೂಡು–ಕಳೆ ದಿನಾ ಹತ್ತು ನಿಮಿಷ. −0.120ಕ್ಕೆ −0.030 ಸೇರಿದರೆ ಎಷ್ಟು? ಈ ಲೆಕ್ಕ ಮುಂದೆ ಆಫ್‌ಸೆಟ್ ಪುಟದಲ್ಲಿ ಹಾಗೇ ಎದುರಾಗುತ್ತದೆ.

ವರ್ನಿಯರ್‌ನಲ್ಲಿ ಮುಖ್ಯ ಅಳತೆಪಟ್ಟಿಯ 49 ಮಿ.ಮೀ. ಜಾಗವನ್ನು ಜಾರುಪಟ್ಟಿ 50 ಭಾಗ ಮಾಡಿರುತ್ತದೆ, ಆದ್ದರಿಂದ ಅದರ ಕನಿಷ್ಠ ಅಳತೆ 0.02. ಮೈಕ್ರೋಮೀಟರಿನ ತಿರುಪು ಒಂದು ಸುತ್ತಿಗೆ ಅರ್ಧ ಮಿ.ಮೀ. ಮುಂದೆ ಹೋಗುತ್ತದೆ, ಸುತ್ತಿನಲ್ಲಿ 50 ಗೆರೆ, ಹಾಗಾಗಿ 0.01. ಆ ಅರ್ಧ ಮಿ.ಮೀ. ಗೆರೆಯನ್ನು ಬಿಟ್ಟು ಓದಿ 12.84 ಇದ್ದದ್ದನ್ನು 12.34 ಅನ್ನುವುದು ಅತಿ ಸಾಮಾನ್ಯ ತಪ್ಪು. ಇದಕ್ಕೆ ಮದ್ದು, ಮೊದಲು ವರ್ನಿಯರಿನಿಂದ ಅಂದಾಜು ಹಿಡಿದು ಆಮೇಲೆ ಮೈಕ್ರೋಮೀಟರ್ ಹಚ್ಚುವುದು. ಎರಡರ ನಡುವೆ ಅರ್ಧ ಮಿ.ಮೀ. ವ್ಯತ್ಯಾಸ ಬಂದರೆ ಓದಿದ್ದು ತಪ್ಪು, ಅನುಮಾನವೇ ಬೇಡ.

ಇನ್ನು ಕೈ ಹದ. ಮೈಕ್ರೋಮೀಟರಿನ ತುದಿಯಲ್ಲಿ ಬಿಗಿತ ಮೀರದಂತೆ ತಡೆಯುವ ಗುಬ್ಬಿಯೇ ರ‍್ಯಾಚೆಟ್. ರ‍್ಯಾಚೆಟ್ ಮೂರು ಸಲ ಟಿಕ್ ಅಂದ ಮೇಲೆ ನಿಲ್ಲಿಸಬೇಕು. ರ‍್ಯಾಚೆಟ್ ಬಿಟ್ಟು ಥಿಂಬಲ್ (ಗೆರೆಗಳಿರುವ ತಿರುಗುವ ಕೊಳವೆ) ಹಿಡಿದೇ ಬಿಗಿದರೆ ಗಾತ್ರ ಒಂದೆರಡು ಗೆರೆ ಕಮ್ಮಿ ತೋರಿಸುತ್ತದೆ. ಇದನ್ನು ಹೇಳಿದರೆ ಸಾಲದು. ಹತ್ತು ರಿಜೆಕ್ಟ್ ಪಿನ್ನುಗಳಿಗೆ ನಂಬರು ಬರೆದು, ಹತ್ತನ್ನೂ ಅಳೆದು ಚೀಟಿಯಲ್ಲಿ ಬರೆಸಿ, ಚೀಟಿ ಇಸಿದುಕೊಳ್ಳುತ್ತೇವೆ. ಮರುದಿನ ನಂಬರು ಅದಲು ಬದಲು ಮಾಡಿ ಮತ್ತೆ ಅಳೆಸುತ್ತೇವೆ. ನಂತರ ಅವರದೇ ಎರಡು ಚೀಟಿಗಳನ್ನು ಪಕ್ಕ ಪಕ್ಕ ಇಡುತ್ತೇವೆ. “ಸರ, ನಿನ್ನಿ ಬಂದದ್ದು ಇವತ್ತ ಬರವಲ್ದರಿ” ಅನ್ನುವ ಮಾತು ಮೊದಲ ಸಲ ಎಲ್ಲರ ಬಾಯಲ್ಲೂ ಬರುತ್ತದೆ. ಪಕ್ಕದವನ ಅಳತೆಗೆ ಹೊಂದದಿದ್ದರೆ ಸಾಧನದ ಸೊನ್ನೆ ತಪ್ಪಿರಬಹುದು. ತನ್ನ ಅಳತೆಗೇ ಹೊಂದದಿದ್ದರೆ ಕೈ ಇನ್ನೂ ಕೂತಿಲ್ಲ. ಹತ್ತೂ ಪಿನ್ನುಗಳು ಎರಡೂ ದಿನ 0.01ರೊಳಗೆ ಬಂದವರನ್ನಷ್ಟೇ ಮುಂದಕ್ಕೆ ಕಳಿಸುತ್ತೇವೆ.

ನಲವತ್ತು ದಾಟಿದವರು ಇಲ್ಲಿ ಹಿಂದೆ ಬಿದ್ದರೆ ಬುದ್ಧಿ ಮಂದ ಎಂದು ತೀರ್ಮಾನಿಸುವ ಮೊದಲು ಕಣ್ಣು ನೋಡಿ. ವರ್ನಿಯರಿನ ಗೆರೆ ಕಾಣದೆ, ಹೇಳಲು ಸಂಕೋಚಪಟ್ಟು, ಪಕ್ಕದವರ ಉತ್ತರ ಬರೆಯುವವರು ಇರುತ್ತಾರೆ. ಸೇರಿಸಿಕೊಳ್ಳುವ ದಿನವೇ ಒಂದಡಿ ದೂರದಲ್ಲಿ ಸಣ್ಣ ಅಕ್ಷರ ಓದಿಸಿ, ಬೇಕಾದರೆ ಓದುವ ಚಾಳೀಸು ಮಾಡಿಸಿಕೊಂಡು ಬರಲು ಹೇಳಬೇಕು. ಬೇರೆ ಯಾವ ಪಾಠದಿಂದಲೂ ಆಗದಷ್ಟು ಲಾಭ ಇದೊಂದರಿಂದ ಆಗುತ್ತದೆ.

ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಎಂಬ ಮಿತಿ) ಕಲಿಸಲು ನಾವು 25 ಮಿ.ಮೀ. ರಂಧ್ರವನ್ನೇ ಹಿಡಿಯುತ್ತೇವೆ. ಡ್ರಾಯಿಂಗಿನಲ್ಲಿ 25 ಎಚ್ 7 ಎಂದಿದ್ದರೆ 25.000ದಿಂದ 25.021ರವರೆಗೆ ಸರಿ. ರಂಧ್ರಕ್ಕೆ ಹಾಕಿ ನೋಡುವ ಪ್ಲಗ್ ಗೇಜಿನ ‘ಗೋ’ ತುದಿ ಕೆಳಮಿತಿಗೆ, ‘ನೋ ಗೋ’ ತುದಿ ಮೇಲ್ಮಿತಿಗೆ. ಗೋ ಒಳಗೆ ಹೋಗಬೇಕು, ನೋ ಗೋ ಹೋಗಬಾರದು, ಯಾವುದನ್ನೂ ಒತ್ತಿ ತುರುಕಬಾರದು. ಶಾಖದ ಲೆಕ್ಕವನ್ನೂ ಇದೇ ಹೊತ್ತಿಗೆ ಹೇಳಬೇಕು. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ, ಹೆಚ್ಚುಕಡಿಮೆ 11.5 ಮೈಕ್ರಾನ್ (ಸಾವಿರ ಮೈಕ್ರಾನಿಗೆ ಒಂದು ಮಿ.ಮೀ.) ಹಿಗ್ಗುತ್ತದೆ. 50 ಮಿ.ಮೀ. ಶಾಫ್ಟು ಮಶೀನಿನಿಂದ 20 ಡಿಗ್ರಿ ಬಿಸಿಯಾಗಿ ಹೊರಬಂದರೆ 0.012ರಷ್ಟು ದಪ್ಪ ತೋರಿಸುತ್ತದೆ. ಆ ಗಾತ್ರದ ಎಚ್ 6 ಶಾಫ್ಟಿಗೆ ಇರುವ ಜಾಗವೇ 0.016. ಬಿಸಿ ಜಾಬ್ ಅಳೆದು ಆಫ್‌ಸೆಟ್ ಕೊಟ್ಟವನ ಜಾಬು ತಣ್ಣಗಾದ ಮೇಲೆ ಕಮ್ಮಿ ಬಂದು, ಸಂಜೆ ಇನ್‌ಸ್ಪೆಕ್ಷನ್‌ನಲ್ಲಿ ಇಡೀ ಟ್ರೇ ವಾಪಸ್ ಬರುತ್ತದೆ.

ಬೆಳಗಾವಿಯಲ್ಲಿ ಬೀಡು ಕಬ್ಬಿಣದ ಎರಕದ ಕೆಲಸ ಬಹಳ. ಅದಕ್ಕಾಗಿ ಒಂದು ವಾರ ಪೂರ್ತಿ ಎರಕದ ದೋಷ ಗುರುತಿಸುವುದಕ್ಕೇ ಕೊಡುತ್ತೇವೆ, ಪಠ್ಯಕ್ರಮಗಳಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ. ಮೇಲ್ಪದರ ಹೋದ ಮೇಲೆ ಗಾಳಿಗುಳ್ಳೆ ಕಂಡರೆ ಅದು ಬ್ಲೋ ಹೋಲ್, ಫೌಂಡ್ರಿಯ ಲೆಕ್ಕಕ್ಕೆ. ಬೋರಿನ ಒಂದು ಪಕ್ಕ ಕಡಿದು ಇನ್ನೊಂದು ಪಕ್ಕ ಕರ‍್ರಗೆ ಉಳಿದರೆ ಕೋರ್ (ಎರಕದಲ್ಲಿ ರಂಧ್ರ ಬಿಡಿಸಲು ಇಡುವ ಅಚ್ಚು) ಸರಿದಿರಬೇಕು, ಇಲ್ಲವೇ ಜಾಬ್ ಅದನ್ನು ಹಿಡಿಯುವ ಚಕ್ಕಿನಲ್ಲಿ ಸರಿಯಾಗಿ ಕೂತಿಲ್ಲ. ತಿರುಗಿಸಿ ಕಟ್ಟಿ ಇನ್ನೊಂದು ಜಾಬ್ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ತೆಳು ಅಂಚಿನಲ್ಲಿ ಬಿಳಿ ಮಿಂಚು ಕಂಡು, ಇನ್ಸರ್ಟ್ (ಟೂಲಿನ ಕಡಿಯುವ ತುದಿ) ಕಿರುಗುಟ್ಟಿ ಮೂಲೆ ಹಾರಿದರೆ ಅಲ್ಲಿ ಎರಕ ಬೇಗ ತಣಿದು ಗಡುಸಾಗಿದೆ, ಅಂದರೆ ಚಿಲ್. ಇನ್ಸರ್ಟ್ ಬದಲಿಸುತ್ತ ಹೋದರೆ ಪೆಟ್ಟಿಗೆ ಖಾಲಿಯಾಗುತ್ತದೆ, ತೊಂದರೆ ಹೋಗುವುದಿಲ್ಲ. ರಿಜೆಕ್ಷನ್ ರಜಿಸ್ಟರಿನಲ್ಲಿ ಎರಕದ ದೋಷ ಒಂದು ಕಾಲಂ, ಮಶೀನಿಂಗ್ ದೋಷ ಇನ್ನೊಂದು. ಬೇರೆಯವರ ತಪ್ಪು ತನ್ನ ಹೆಸರಿಗೆ ಬೀಳದ ಹಾಗೆ ಬರೆಯುವುದನ್ನೂ ಕಲಿಸಲೇಬೇಕು.

ಮಶೀನನ್ನು ನಾವು ಕೊಂಡಿಲ್ಲ, ಕೊಳ್ಳುವ ಸಲಹೆಯನ್ನೂ ಕೊಡುವುದಿಲ್ಲ. ರವಿವಾರ ಸೂಟಿ ಇರುವ ಶಾಪಿನೊಡನೆ ಮಾತಾಡಿ, ಬಾಡಿಗೆ ಮತ್ತು ಕರೆಂಟು ಕೊಟ್ಟು, ಮಶೀನು ಹೊಂದಿಸುವ ಅವರದೇ ಸೆಟ್ಟರ್ ಒಬ್ಬರನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಮಾಲೀಕರ ಭಯ ಟೂಲುಗಳನ್ನು ಹಿಡಿದ ಟರೆಟ್ ಹೋಗಿ ಚಕ್ಕಿಗೆ ಬಡಿಯುವುದರದ್ದು, ಅದು ನ್ಯಾಯವೇ. ಅದಕ್ಕೆ ನೈಲಾನ್ ರಾಡಿನಿಂದ ಶುರು ಮಾಡಿ, ಪ್ರೋಗ್ರಾಮ್ ಒಂದೊಂದೇ ಸಾಲು ಓಡುವಂತೆ ಸಿಂಗಲ್ ಬ್ಲಾಕ್ ಹಾಕಿ, ಕಡಿಯದೆ ಟೂಲು ವೇಗವಾಗಿ ಸರಿಯುವ ರ‍್ಯಾಪಿಡ್ 25%ಕ್ಕೆ ಇಳಿಸಿ, ಟೂಲಿನ ಚಲನೆ ನಿಲ್ಲಿಸುವ ಫೀಡ್ ಹೋಲ್ಡ್ ಮೇಲೆ ಒಂದು ಬೆರಳಿಟ್ಟೇ ಓಡಿಸುತ್ತೇವೆ. ಸಂಖ್ಯೆಗೆ ಚುಕ್ಕಿ ಬಿಡುವುದು ಇಲ್ಲಿ ದುಬಾರಿ: ವ್ಯಾಸದ ಅಂಕಿಯನ್ನು ಎಕ್ಸ್ 50 ಎಂದು ಚುಕ್ಕಿ ಇಲ್ಲದೆ ಬರೆದರೆ ಅನೇಕ ಕಂಟ್ರೋಲುಗಳು (ಮಶೀನಿನ ಕಂಪ್ಯೂಟರುಗಳು) ಅದನ್ನು 0.050 ಎಂದು ಓದಿ ಟೂಲನ್ನು ನೇರ ಮಧ್ಯಕ್ಕೆ ಒಯ್ಯುತ್ತವೆ. ಕಡಿಯುವ ವೇಗ ಒಂದೇ ಇರುವಂತೆ ಸುತ್ತು ಬದಲಿಸುವ ಜಿ 96 ಇರುವ ಪ್ರೋಗ್ರಾಮಿನಲ್ಲಿ ಜಿ 50 ಹಾಕಿ ವೇಗಕ್ಕೆ ಮಿತಿ ಕೊಡದಿದ್ದರೆ, ಫೇಸಿಂಗ್ (ಜಾಬಿನ ಮುಖ ಕಡಿಯುವುದು) ಮಾಡುತ್ತ ಟೂಲು ಮಧ್ಯಕ್ಕೆ ಬಂದಂತೆ ಜಾಬ್ ತಿರುಗಿಸುವ ಸ್ಪಿಂಡಲಿನ ವೇಗ ಏರುತ್ತಲೇ ಹೋಗುತ್ತದೆ, ಚಕ್ಕಿನ ಹಿಡಿತ ಸಡಿಲವಾಗುತ್ತದೆ.

ಆಫ್‌ಸೆಟ್ ಕೊಡಲು ನಿಯಮ ಒಂದೇ: ಲೇಥಿನಲ್ಲಿ ಎಕ್ಸ್ ಪ್ಲಸ್ ಕೊಟ್ಟರೆ ವ್ಯಾಸ ಹೆಚ್ಚುತ್ತದೆ, ಮೈನಸ್ ಕೊಟ್ಟರೆ ಕಮ್ಮಿಯಾಗುತ್ತದೆ, ಹೊರಮೈಗೂ ಅಷ್ಟೇ ಬೋರಿಗೂ ಅಷ್ಟೇ. ವ್ಯಾಸದ ಲೆಕ್ಕದಲ್ಲೇ ಪ್ರೋಗ್ರಾಮ್ ಇರುವುದರಿಂದ 0.03 ಹೆಚ್ಚಿದ್ದರೆ ಪೂರ್ತಿ −0.03 ಕೊಡಬೇಕು. ಹಳೆಯ ಲೇಥಿನಲ್ಲಿ ಪಳಗಿದ ಹಿರಿಯರು ರೂಢಿಯಂತೆ ಅದನ್ನು ಅರ್ಧ ಮಾಡಿಬಿಡುತ್ತಾರೆ. ಫ್ಯಾನುಕ್ ಕಂಟ್ರೋಲಿನಲ್ಲಿ ‘ಇನ್‌ಪುಟ್’, ‘+ಇನ್‌ಪುಟ್’ ಎಂದು ಎರಡು ಕೀಲಿಗಳಿರುತ್ತವೆ. ಮೊದಲೇ −0.120 ಇರುವಲ್ಲಿ −0.030 ಬರೆದು +ಇನ್‌ಪುಟ್ ಒತ್ತಿದರೆ −0.150 ಆಗುತ್ತದೆ, ಅದೇ ಬೇಕಾದದ್ದು. ಬರೀ ಇನ್‌ಪುಟ್ ಒತ್ತಿದರೆ ಹಳೆಯದು ಅಳಿಸಿ −0.030 ಕೂರುತ್ತದೆ, ಮುಂದಿನ ಜಾಬು 0.12 ದಪ್ಪ ಬರುತ್ತದೆ. ಒತ್ತುವ ಮೊದಲು ಹಳೆಯ ಅಂಕಿ, ಕೊಡುವ ಅಂಕಿ, ಬರಬೇಕಾದ ಅಂಕಿ ಮೂರನ್ನೂ ಕಾಗದದ ಮೇಲೆ ಬರೆಯುವ ಅಭ್ಯಾಸ ಹಾಕಿಸಿದ್ದೇವೆ. ಸೀನಿಯರ್‌ಗಳು ನಗಲಿ ಬಿಡಿ.

ಸುರಕ್ಷತೆಯ ಪಾಠ ಚಿಕ್ಕದು, ಕಟ್ಟುನಿಟ್ಟು. ತಿರುಗುವ ಸ್ಪಿಂಡಲ್ ಹತ್ತಿರ ಕೈಗವಸು ಇಲ್ಲ, ಚಿಪ್ಸ್ ಎಳೆಯಲು ಕೊಕ್ಕೆ, ಗಾಳಿ ಪೈಪು ಮೈಮೇಲೆ ಬಿಟ್ಟುಕೊಳ್ಳುವಂತಿಲ್ಲ, ವೇಲ್ ಮತ್ತು ಸೆರಗು ಕೋಟಿನೊಳಗೆ.

ಯಾವಾಗ ಶುರು ಮಾಡಬೇಕೆಂಬುದನ್ನು ಊರಿನ ಕೆಲಸ ನೋಡಿಯೇ ನಿರ್ಧರಿಸಬೇಕು. ಬಿತ್ತನೆ ಮುಗಿದ ಮೇಲೆ ಜುಲೈನಲ್ಲಿ ಹಿಡಿದರೆ ಖಂಡೇನವಮಿಯ ಆಸುಪಾಸು ಮುಗಿಯುತ್ತದೆ. ದೀಪಾವಳಿ ಆದ ಮೇಲೆ ಕಬ್ಬಿನ ಹಂಗಾಮು, ಆಗ ಹೆಸರು ಬರೆಸಿದವರಲ್ಲಿ ಅರ್ಧ ಜನ ಬರುವುದಿಲ್ಲ. ಎರಡನೇ ತಂಡಕ್ಕೆ ಯಲ್ಲಮ್ಮನ ಭರತ ಹುಣ್ಣಿಮೆ ಕಳೆಯಲಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಹಾಗಾಗಿ ಟಿಕೆಟಿನ ಚಿಂತೆ ಇಲ್ಲ. ರಾತ್ರಿ ವಾಪಸ್ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂಬುದೇ ತರಗತಿ ಮುಗಿಯುವ ಹೊತ್ತನ್ನು ಹೇಳುತ್ತದೆ.

ಕಾಗದಪತ್ರವನ್ನು ಮೊದಲ ವಾರದಲ್ಲೇ ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಮೂರನೆಯ ತರಹ ಇದ್ದರೆ ಪಿಎಫ್ ಖಾತೆ ತೆರೆಯುವಾಗ ತೊಡಕಾಗುತ್ತದೆ. 1961ರ ಕಾಯ್ದೆಯಡಿ ಅಪ್ರೆಂಟಿಸ್ ಆಗಿ ಸೇರುವವರಿಗೆ ಸ್ಟೈಪೆಂಡಿನ ಸರಕಾರಿ ಪಾಲು ನೇರ ಖಾತೆಗೆ ಬರುವುದರಿಂದ ಆಧಾರ್ ಜೋಡಣೆ ಆಗಿರಲೇಬೇಕು. ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುತ್ತದೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಬಿಟ್ಟುಬರುವವರು ಹೆಚ್ಚು. ಕಾರಣ ಕೇಳಿದರೆ ಕೆಲಸ ಕಷ್ಟ ಅನ್ನುತ್ತಾರೆ, ಕೆದಕಿದರೆ ದುಡ್ಡು ತೀರಿದ್ದು ಹೊರಬರುತ್ತದೆ. ಪಗಾರ ಮುಂದಿನ ತಿಂಗಳು 7ರ ಹೊತ್ತಿಗೆ. ಒಂದನೇ ತಾರೀಖು ಸೇರಿದವನು ಐದು ವಾರ ರೂಮು ಬಾಡಿಗೆ, ಊಟ, ಬಸ್ಸು ತನ್ನ ಕೈಯಿಂದಲೇ ಭರಿಸಬೇಕು. ಊರಿನ ಸ್ವಸಹಾಯ ಸಂಘದ ಮೂಲಕ ಸಣ್ಣ ಮುಂಗಡ ಕೊಡಿಸಿ, ಮೂರು ಪಗಾರದಲ್ಲಿ ತೀರಿಸುವ ವ್ಯವಸ್ಥೆ ಮಾಡಿದ ಮೇಲೆ ಈ ತೊಂದರೆ ಬಹಳ ಇಳಿದಿದೆ. ಕೈಗೆ ಬರುವ ಮೊತ್ತದ ಲೆಕ್ಕವನ್ನೂ ಮೊದಲೇ ತೋರಿಸಿ. 14,000 ಎಂದು ಮಾತಾಗಿ, ಅಷ್ಟರ ಮೇಲೂ ಪಿಎಫ್ ಹಿಡಿದರೆ 12%ರಂತೆ 1,680 ಹೋಗುತ್ತದೆ, ಇಎಸ್‌ಐ 0.75%ರಂತೆ 105, ಉಳಿಯುವುದು 12,215. ಇದು ಗೊತ್ತಿಲ್ಲದವನು ಮೊದಲ ಚೀಟಿ ನೋಡಿ ಮೋಸ ಆಯಿತೆಂದು ಮನೆಗೆ ಹೊರಡುತ್ತಾನೆ. ಗುತ್ತಿಗೆದಾರರ ಮೂಲಕ ಸೇರಿದ್ದರೆ ನೇಮಕಾತಿ ಪತ್ರದಲ್ಲಿ ಯಾರ ಹೆಸರಿದೆ ನೋಡಬೇಕು. ಎರಡು ಪಗಾರ ಆದ ಮೇಲೆ ಪಿಎಫ್ ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ತೆರೆದು, ಹಿಡಿದ ದುಡ್ಡು ಜಮಾ ಆಗಿದೆಯೇ ಎಂದು ಅವರ ಎದುರೇ ಪರೀಕ್ಷಿಸುತ್ತೇವೆ. ಆಗಿಲ್ಲದಿದ್ದರೆ ಪಗಾರ ಚೀಟಿಯ ಫೋಟೋ ತೆಗೆದಿಟ್ಟುಕೊಂಡು, ಮೊದಲು ಶಾಪಿನ ಆಫೀಸಿನಲ್ಲಿ ಲಿಖಿತವಾಗಿ ಕೇಳಬೇಕು, ಉತ್ತರ ಬರದಿದ್ದರೆ ಪಿಎಫ್ ಕಚೇರಿಗೆ ದೂರು ಹಾಕಬೇಕು.